‘ಎಚ್’ ಡ್ರೈವ್ ಎಲ್ಲಿ ಹೋಯಿತು?

ಕಚೇರಿಯ ಕಂಪ್ಯೂಟರುಗಳಲ್ಲಿ ‘ಸಿ’ ಡ್ರೈವಿನ ಜೊತೆಗೆ ‘ಎಚ್’ ಎಂಬ ಇನ್ನೊಂದು ಡ್ರೈವ್ ಇರುವುದುಂಟು. ನೌಕರನ ಸ್ವಂತ ಕಡತಗಳಿರುವುದು ಅದರಲ್ಲಿಯೇ. ಒಂದು ಬೆಳಿಗ್ಗೆ ಅದು ಕಾಣದಾದರೆ, ವರ್ಷಗಳ ದುಡಿಮೆಯೇ ಹೋಯಿತೆಂದು ಗಾಬರಿಯಾಗುವುದು ಸಹಜ. ವಾಸ್ತವವಾಗಿ ‘ಎಚ್’ ಎಂಬುದು ಡಿಸ್ಕೇ ಅಲ್ಲ. ಬೇರೆಡೆಯ ಸರ್ವರಿನಲ್ಲಿರುವ ಒಂದು ಫೋಲ್ಡರಿಗೆ ಕೊಟ್ಟ ಗುರುತು. ಗುರುತು ಕಾಣದ ಮಾತ್ರಕ್ಕೆ ಕಡತಗಳು ನಾಶವಾದಂತಲ್ಲ.

ಈ ಗುರುತು ಉಂಟಾಗುವ ಬಗೆಯನ್ನರಿತರೆ ಅದು ತಪ್ಪಿಹೋಗುವ ಬಗೆಯೂ ತಿಳಿಯುತ್ತದೆ. ವಿಂಡೋಸ್ ಜಾಲದಲ್ಲಿ ಫೋಲ್ಡರಿನ ವಿಳಾಸವೂ ಡ್ರೈವಿನ ಅಕ್ಷರವೂ ನೌಕರನ ಖಾತೆಯೊಡನೆ ಡೊಮೇನ್ ಸರ್ವರಿನಲ್ಲಿ ದಾಖಲಾಗಿರುತ್ತವೆ. ಆತನು ಲಾಗಿನ್ ಆದೊಡನೆ ಕಂಪ್ಯೂಟರು ಅವನ್ನು ಓದಿ ಸಂಬಂಧ ಕಲ್ಪಿಸುತ್ತದೆ. ಆದರೆ 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಂದಿನಿಂದ, ಜಾಲವು ಸಿದ್ಧವಾಗುವುದನ್ನು ಕಾಯದೆ, ಹಿಂದಿನ ಲಾಗಿನ್ನಿನ ನೆನಪಿನ ಬಲದಿಂದಲೇ ಬಳಕೆದಾರನನ್ನು ಒಳಬಿಡುವ ಏರ್ಪಾಡಿದೆ. ಸಮಯವೇನೋ ಉಳಿಯಿತು, ಡ್ರೈವ್ ಉಳಿಯಲಿಲ್ಲ! ಹೊರಬಂದು ಮತ್ತೆ ಲಾಗಿನ್ ಆದರೆ ಅನೇಕ ವೇಳೆ ಅದು ಮರಳುವುದು ಈ ಕಾರಣದಿಂದ. ಜಾಲಕ್ಕಾಗಿ ಕಾಯುವಂತೆ ಕಂಪ್ಯೂಟರುಗಳಿಗೆ ನಿಯಮ ವಿಧಿಸುವ ಅಧಿಕಾರ ಜಾಲದ ವ್ಯವಸ್ಥಾಪಕರಿಗುಂಟು.

ಹಾಗೂ ಬಾರದಿದ್ದರೆ? ಎಡಕ್ಕೆ ಒರಗಿದ ಎರಡು ಗೆರೆ, ಸರ್ವರಿನ ಹೆಸರು, ಅಂಥದೇ ಮತ್ತೊಂದು ಗೆರೆ, ಹಂಚಿಕೆಯ ಫೋಲ್ಡರಿನ ಹೆಸರು – ಹೀಗೆ ಪೂರ್ಣ ವಿಳಾಸವನ್ನೇ ಟೈಪು ಮಾಡಿ ನೋಡಬೇಕು. ತೆರೆದರೆ ತೊಡಕು ಅಕ್ಷರದ್ದು. ಯಾವುದೋ ಪೆನ್‌ಡ್ರೈವ್ ‘ಎಚ್’ ಅಕ್ಷರವನ್ನು ಮೊದಲೇ ಆಕ್ರಮಿಸಿರಬಹುದು. ಸರ್ವರೇ ಸಿಕ್ಕದಿದ್ದರೆ ಜಾಲವನ್ನೋ, ಹೆಸರಿನಿಂದ ಸಂಖ್ಯಾವಿಳಾಸವನ್ನು ಹುಡುಕಿಕೊಡುವ ಡಿಎನ್‌ಎಸ್ ಏರ್ಪಾಡನ್ನೋ ಶಂಕಿಸಬೇಕು. ಸರ್ವರು ಸಿಕ್ಕಿಯೂ ಪ್ರವೇಶ ನಿರಾಕರಿಸಿದರೆ ದೋಷ ಅನುಮತಿಯದು. ಅನುಮತಿಗಳಾದರೋ ಎರಡು: ಹಂಚಿಕೆಗೊಂದು, ಸರ್ವರಿನ ಕಡತವ್ಯವಸ್ಥೆಗೊಂದು. ಇವೆರಡರಲ್ಲಿ ಹೆಚ್ಚು ಬಿಗಿಯಾದುದೇ ನಡೆಯುತ್ತದೆ.