ಮುಧೋಳ ನಾಯಿಗೆ ತಂತಿ ಬ್ರಷ್ ಬೇಡ

ಜತ್ತ: ಮರಾಠಿಯಲ್ಲಿ ಕಾರವಾನ ಎಂದೂ ಕರೆಯುವ ಮುಧೋಳ ನಾಯಿ 2005ರಲ್ಲಿ ಅಂಚೆ ಚೀಟಿಗೂ ಏರಿತು. ಆದರೆ ಅದರ ಮೈ ತಿಕ್ಕುವ ಸಾಮಾನು ಕೊಳ್ಳುವಾಗ ಹಲವರು ಎಡವುತ್ತಾರೆ. ಇದರ ಕೂದಲು ಗಿಡ್ಡ, ಚರ್ಮ ತೆಳು. ಪಾಮೇರಿಯನ್‌ಗೆ ಒಪ್ಪುವ ತಂತಿ ಬ್ರಷ್ ಇದರ ಮೈ ಪರಚುತ್ತದೆ. ಮೆತ್ತನೆಯ ರಬ್ಬರ್ ಬ್ರಷ್ ಸಾಕು. ಮುಂಗೈಗೆ ಉಜ್ಜಿ ನೋಡಿ, ಚುಚ್ಚಿದರೆ ಅಂಗಡಿಯಲ್ಲೇ ಬಿಡಿ.

ದುಡ್ಡು ಹಾಕುವುದಾದರೆ ಒಳ್ಳೆಯ ಚಿಮಟಕ್ಕೆ ಹಾಕಿ. ಉಣ್ಣಿ ಕಡಿತದಿಂದ ಜ್ವರ, ರಕ್ತಹೀನತೆ ಬಂದು ನಾಯಿ ಸಾಯುವುದೂ ಉಂಟು. ಚಿಮಟದ ತುದಿ ಚೂಪಾಗಿದ್ದು, ಸಂದಿಲ್ಲದೆ ಕೂಡಬೇಕು. ಉಣ್ಣಿಯನ್ನು ಚರ್ಮದ ಹತ್ತಿರವೇ ಹಿಡಿದು ನೆಟ್ಟಗೆ ಎಳೆಯಬೇಕು. ಬರಿಗೈಲಿ ಹಿಸುಕುವುದು, ಸೀಮೆಎಣ್ಣೆ ಹಚ್ಚುವುದು ಸಲ್ಲ.

ಉಗುರು ಕತ್ತರಿ ಹರಿತವಿರಲಿ. ಮೊಂಡಾದರೆ ಉಗುರು ಸೀಳುತ್ತದೆ. ಕಪ್ಪು ಉಗುರಿನೊಳಗಿನ ರಕ್ತನಾಳ ಕಾಣದು, ತುದಿಯಷ್ಟೇ ತೆಗೆಯಿರಿ.