ಕುಂಬಳಕಾಯಿಯ ಮೇಲೆ ಬೆಳೆಯುವ ಮಿತ್ರಕೀಟ

ದ್ರಾಕ್ಷಿಯ ಗೊಂಚಲಿನ ಸಂದಿನಲ್ಲಿ ಹಿಟ್ಟು ತಿಗಣೆಗಳ ನಡುವೆ, ಅವುಗಳಂತೆಯೇ ಮೈತುಂಬ ಬಿಳಿಯ ಮೇಣದೆಳೆಗಳನ್ನು ಹೊದ್ದು, ಆದರೆ ಗಾತ್ರದಲ್ಲಿ ಅವುಗಳನ್ನು ಮೀರಿ ಚುರುಕಾಗಿ ಹರಿದಾಡುವ ಮರಿಹುಳುವೊಂದನ್ನು ಕಂಡ ರೈತನು, ಇದೇ ಪೀಡೆಯ ಮೂಲವೆಂದು ಬಗೆದು ಮೊದಲು ಅದರ ಮೇಲೆಯೇ ಔಷಧ ಹೊಡೆಯುವುದು ಸಹಜವಾಗಿದೆ. ವಸ್ತುತಃ ಅದು ತಿಗಣೆಯನ್ನೂ ಅದರ ಮೊಟ್ಟೆಗಳನ್ನೂ ಭಕ್ಷಿಸುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ಆಸ್ಟ್ರೇಲಿಯಾ ಮೂಲದ ಈ ದುಂಬಿಯು ನಮ್ಮ ದೇಶಕ್ಕೆ ಬಂದುದು 1898ರಲ್ಲಿ.

ಬೆಂಗಳೂರಿನಲ್ಲಿ 1957ರಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರವು ಸ್ಥಾಪಿತವಾದುದರಿಂದ ಹಿಡಿದು ಇಂದಿನ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಬ್ಯೂರೋವರೆಗೆ ಮಿತ್ರಕೀಟಗಳ ಅಧ್ಯಯನದ ಪರಂಪರೆಯೊಂದು ಈ ನಗರದಲ್ಲಿ ನಡೆದುಬಂದಿದೆ. ಆದರೆ ನನ್ನ ಮನವನ್ನು ಸೆಳೆದುದು ಆ ಇತಿಹಾಸಕ್ಕಿಂತಲೂ ದುಂಬಿ ಸಾಕುವ ಕುಂಬಳಕಾಯಿ. ಮೈಮೇಲೆ ಏಣುಗಳಿರುವ, ತೊಟ್ಟು ಉಳಿದಿರುವ, ಮಾಗಿದ ಕಾಯಿಯನ್ನೇ ಆರಿಸಿ ತೊಳೆದು, ಕೊಳೆಯದಂತೆ ಶಿಲೀಂಧ್ರನಾಶಕದಲ್ಲಿ ಅದ್ದಿ, ಗಾಯಗಳಿದ್ದರೆ ಮೇಣ ಹಚ್ಚಿ ಮುಚ್ಚಿ, ಅದರ ಮೇಲೆ ಮೊದಲು ಹಿಟ್ಟು ತಿಗಣೆಯನ್ನೇ ಹುಲುಸಾಗಿ ಬೆಳೆಸುತ್ತಾರೆ! ಬಳಿಕ ಪಂಜರದೊಳಗೆ ದುಂಬಿಗಳನ್ನು ಬಿಟ್ಟರೆ ಅವು ತಿಗಣೆಗಳ ಮೊಟ್ಟೆಚೀಲಗಳಲ್ಲಿಯೇ ತಮ್ಮ ಮೊಟ್ಟೆಗಳನ್ನಿಡುತ್ತವೆ. ಸುಮಾರು ಒಂದು ತಿಂಗಳಲ್ಲಿ ಹೊಸ ಪೀಳಿಗೆಯು ತೋಟಕ್ಕೆ ಸಿದ್ಧ.

ಇಂತಹ ಜೀವವನ್ನು ಬಿಟ್ಟ ತೋಟದಲ್ಲಿ ತಿಗಣೆಯನ್ನು ಕೊಲ್ಲಲು ಎಣ್ಣೆಯನ್ನೂ ಸಿಂಪಡಿಸಬಹುದೇ? ತೋಟಗಾರಿಕೆಯ ಖನಿಜತೈಲವು ನೀರಿನಲ್ಲಿ ಬೆರೆತು ಎಲೆಯ ಮೇಲೆ ತೆಳುಪೊರೆಯಾಗಿ ಹರಡಿ, ಕೀಟದ ಉಸಿರುರಂಧ್ರಗಳನ್ನು ಮುಚ್ಚಿ ಕೊಲ್ಲುತ್ತದೆ. ಶತ್ರುವೋ ಮಿತ್ರನೋ ಎಂಬ ಭೇದವು ಅದಕ್ಕಿಲ್ಲ, ನೆನೆದುದು ಸಾಯುತ್ತದೆ. ಆದರೆ ಪೊರೆಯು ಒಣಗಿದ ಮೇಲೆ ಬಹುದಿನ ಕಾಡುವ ವಿಷವು ಉಳಿಯದಿರುವುದರಿಂದ, ಅನಂತರ ಹಾರಿಬಂದ ದುಂಬಿಗೂ ಮಿತ್ರಕೀಟವಾದ ಕಣಜಕ್ಕೂ ಅಪಾಯವು ಅತ್ಯಲ್ಪ. ಬೇವಿನ ಎಣ್ಣೆಯ ಗುಣವು ತುಸು ಬೇರೆ. ಅದು ಕೀಟವು ಮೈಪೊರೆ ಕಳಚುವ ಕ್ರಿಯೆಯನ್ನೂ ಕೆಡಿಸುವುದರಿಂದ ದುಂಬಿಯ ಮರಿಗಳಿರುವ ಗಿಡದಲ್ಲಿ ಹೆಚ್ಚಿನ ಎಚ್ಚರವು ಬೇಕು. ಹೀಗಾಗಿ ಮೊದಲು ಎಣ್ಣೆ, ಕೆಲವು ದಿನಗಳ ಅನಂತರ ದುಂಬಿ ಎಂಬ ಕ್ರಮವೇ ಕ್ಷೇಮಕರ. ಮರಿಗಳು ಕಣ್ಣಿಗೆ ಬಿದ್ದ ಮೇಲಂತೂ ಸಿಂಪರಣೆಯ ಪಂಪನ್ನು ಕೆಳಗಿಡುವುದೇ ಲೇಸು. ತಿಗಣೆ ಸ್ರವಿಸುವ ಸಿಹಿ ಅಂಟಿಗಾಗಿ ಅದನ್ನು ಕಾಯುವ ಇರುವೆಗಳನ್ನು ಮಾತ್ರ ಬಳ್ಳಿಯೇರದಂತೆ ತಡೆಯಬೇಕು.

ಕೀಟನಾಶಕದ ಬಾಟಲಿಯು ಊರಿನ ಗೊಬ್ಬರದಂಗಡಿಯಲ್ಲಿ ವರ್ಷವಿಡೀ ಕಾದಿರುತ್ತದೆ. ದುಂಬಿಗೆ ಆ ಸೌಲಭ್ಯವಿಲ್ಲ. ಬೇಕೆನಿಸುವುದಕ್ಕೆ ತಿಂಗಳ ಮುನ್ನವೇ ಯಾರೋ ಕುಂಬಳಕಾಯಿಯನ್ನು ತೊಳೆದಿರಬೇಕು, ತಿಗಣೆಯನ್ನು ಬೆಳೆಸಿರಬೇಕು, ಜೀವಂತವಾಗಿ ತೋಟಕ್ಕೆ ತಲುಪಿಸಬೇಕು. ತಾಲ್ಲೂಕಿಗೊಂದರಂತೆ ಅಂತಹ ಸಾಕಣೆಯ ಕೋಣೆಯಿದ್ದು, ಅಲ್ಲಿನ ಹುಡುಗರೇ ಎಣ್ಣೆ ಹೊಡೆಯುವ ದಿನವನ್ನೂ ದುಂಬಿ ಬಿಡುವ ದಿನವನ್ನೂ ರೈತನಿಗೆ ಹೇಳುವಂತಾಗಿದ್ದರೆ ಎಂಬ ಹಂಬಲವು ನನ್ನನ್ನು ಇನ್ನೂ ಬಿಟ್ಟಿಲ್ಲ.