ಬ್ಯಾಪ್ಟಿಸ್ಟರ ಸಭೆಯಲ್ಲಿ ಕನ್ನಡದ ಪ್ರಾರ್ಥನೆ

ನ್ಯೂಜೆರ್ಸಿಯ ಎಡಿಸನ್ ಎಂದೊಡನೆ ಸಮ್ಮೇಳನಕ್ಕೆ ಆಗಮಿಸಿರುವ ಕನ್ನಡ ಬಂಧುಗಳ ಕಣ್ಣಮುಂದೆ ಬರುವುದು ಓಕ್ ಟ್ರೀ ರೋಡಿನ ಸೀರೆ ಅಂಗಡಿಗಳು, ಒಡವೆ ಅಂಗಡಿಗಳು, ಬಿಸಿ ದೋಸೆಯ ಪರಿಮಳ. ಅದೇ ಊರಿನ ಪ್ಲೇನ್‌ಫೀಲ್ಡ್ ಅವೆನ್ಯೂದಲ್ಲಿ ಸ್ಟೆಲ್ಟನ್ ಬ್ಯಾಪ್ಟಿಸ್ಟ್ ಚರ್ಚು ಇರುವುದನ್ನು ಗಮನಿಸಿದವರು ವಿರಳ. ಆ ಸಭೆ ಹುಟ್ಟಿದ್ದು 1689ರಲ್ಲಿ. ಕೆಳದಿಯ ರಾಣಿ ಚೆನ್ನಮ್ಮಾಜಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಕೋಪಕ್ಕೆ ಗುರಿಯಾದ ಕಾಲವೂ ಅದೇ. ನ್ಯೂಜೆರ್ಸಿಯಲ್ಲಿ ಇದಕ್ಕಿಂತ ಹಳೆಯದಾದ ಬ್ಯಾಪ್ಟಿಸ್ಟ್ ಸಭೆ ಮಿಡ್ಲ್‌ಟೌನಿನದೊಂದೇ, ಅದು 1688ರದು.

ನಾನು ಹೋಗುವುದು ಈ ಎರಡೂ ಸಭೆಗಳಿಗಲ್ಲ. ನಮ್ಮ ಮನೆಯಿಂದ ಹತ್ತು ನಿಮಿಷದ ಹಾದಿಯಲ್ಲಿರುವ, ನೂರು ಜನವೂ ತುಂಬದ ಒಂದು ಚಿಕ್ಕ ಬ್ಯಾಪ್ಟಿಸ್ಟ್ ಸಭೆಗೆ. ಧಾರವಾಡದ ಬಾಸೆಲ್ ಮಿಷನ್ ಪರಂಪರೆಯ ಮನೆಯಲ್ಲಿ ಹುಟ್ಟಿದವಳು ನಾನು. ಕನ್ನಡದ ಗೀತೆ, ಕನ್ನಡದ ಸತ್ಯವೇದ, ಕನ್ನಡದ ಪ್ರಾರ್ಥನೆ ಇವುಗಳ ನಡುವೆ ಬೆಳೆದವಳು. ಈ ನಾಡಿಗೆ ಬಂದ ಹೊಸತರಲ್ಲಿ ಕನ್ನಡಿಗರ ಒಂದು ಸಂತೋಷಕೂಟದಲ್ಲಿ ಹಿರಿಯ ಮಹಿಳೆಯೊಬ್ಬರು, "ನೀವು ಕ್ರಿಶ್ಚಿಯನ್ನರೇ? ಆದರೂ ಎಷ್ಟು ಚೆನ್ನಾಗಿ ಕನ್ನಡ ಮಾತನಾಡುತ್ತೀರಿ!" ಎಂದು ಮನಃಪೂರ್ವಕವಾಗಿ ಮೆಚ್ಚಿದರು. ಕಿಟೆಲರ ನಿಘಂಟನ್ನು ಕಪಾಟಿನಲ್ಲಿಟ್ಟುಕೊಂಡವರೇ ಹೀಗೆ ಅಂದರಲ್ಲಾ ಎಂದು ನಗು ಬಂತು. ಅವರ ಮೆಚ್ಚುಗೆಯಲ್ಲಿ ಕಪಟವೇನೂ ಇರಲಿಲ್ಲ. ಆದರೂ ಆ "ಆದರೂ" ಎಂಬ ಪದ ಬಹಳ ದಿನ ನನ್ನನ್ನು ಕಾಡಿತು.

ಬ್ಯಾಪ್ಟಿಸ್ಟರು ಯಾರೆಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ಹದಿನೇಳನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡ್ ಬಿಟ್ಟು ಹಾಲೆಂಡಿಗೆ ಹೋದ ಒಂದು ಸಣ್ಣ ಗುಂಪಿನಿಂದ ಬೆಳೆದ ಪಂಥ ಇದು. ದೀಕ್ಷಾಸ್ನಾನವನ್ನು ಹಸುಗೂಸುಗಳಿಗೆ ಕೊಡಬಾರದು, ತಿಳಿದು ನಂಬಿದವರು ಮಾತ್ರ ನೀರಿನಲ್ಲಿ ಪೂರ್ಣ ಮುಳುಗಿ ಏಳಬೇಕು ಎಂಬುದು ಅವರ ಮೊದಲ ನಿಯಮ. ನಂಬಿಕೆಯ ವಿಷಯದಲ್ಲಿ ದೊರೆಗೂ ಸರಕಾರಕ್ಕೂ ಅಧಿಕಾರವಿಲ್ಲ ಎಂಬುದು ಎರಡನೆಯದು. ಈ ಎರಡನೆಯ ನಿಯಮಕ್ಕಾಗಿ ಅವರು ಪಟ್ಟ ಪಾಡಿನ ಒಂದು ಪ್ರಸಂಗ ನಮ್ಮ ನೆರೆಯ ನ್ಯೂಯಾರ್ಕಿನ ಫ್ಲಷಿಂಗ್‌ನಲ್ಲೇ ನಡೆಯಿತು. 1656ರಲ್ಲಿ ವಿಲಿಯಂ ವಿಕೆಂಡನ್ ಎಂಬ ಮೋಚಿ ರೋಡ್ ಐಲೆಂಡಿನಿಂದ ಅಲ್ಲಿಗೆ ಬಂದು, ಊರಿನ ಶೆರಿಫ್ ವಿಲಿಯಂ ಹ್ಯಾಲೆಟನ ಮನೆಯಲ್ಲಿ ಉಪದೇಶ ಮಾಡಿ, ನದಿಯಲ್ಲಿ ಕೆಲವರಿಗೆ ದೀಕ್ಷಾಸ್ನಾನ ಕೊಟ್ಟ. ಡಚ್ಚರ ಗವರ್ನರ್ ಪೀಟರ್ ಸ್ಟೈವೆಸೆಂಟನು ಇಬ್ಬರಿಗೂ ದಂಡ ವಿಧಿಸಿದ; ಮೋಚಿಯನ್ನು ಗಡೀಪಾರು ಮಾಡಿದ. ಮರುವರ್ಷ ಕ್ವೇಕರರ ಮೇಲಿನ ನಿರ್ಬಂಧವನ್ನು ಪ್ರತಿಭಟಿಸಿ ಫ್ಲಷಿಂಗ್‌ನ ನಿವಾಸಿಗಳು ಸಲ್ಲಿಸಿದ ಮನವಿಪತ್ರ ಅಮೆರಿಕದ ಧಾರ್ಮಿಕ ಸ್ವಾತಂತ್ರ್ಯದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಮುಂದೆ ಕನೆಕ್ಟಿಕಟ್‌ನ ಡ್ಯಾನ್‌ಬರಿ ಬ್ಯಾಪ್ಟಿಸ್ಟರು ತಮ್ಮ ಅಳಲನ್ನು ತೋಡಿಕೊಂಡು ಬರೆದ ಪತ್ರಕ್ಕೆ ಅಧ್ಯಕ್ಷ ಜೆಫರ್ಸನ್ 1802ರಲ್ಲಿ ಕೊಟ್ಟ ಉತ್ತರದಲ್ಲೇ ಧರ್ಮಸಂಸ್ಥೆಗೂ ಸರಕಾರಕ್ಕೂ ನಡುವಣ ಗೋಡೆಯ ಮಾತು ಬಂದದ್ದು.

ಅದೇ ಫ್ಲಷಿಂಗ್‌ನಲ್ಲಿ 1977ರಲ್ಲಿ ನಮ್ಮವರ ಗಣಪತಿ ದೇವಾಲಯ ಪ್ರತಿಷ್ಠಾಪನೆಯಾಯಿತು. ಅಲ್ಲಿಗೆ ಹೋಗಿ ತೆಂಗಿನಕಾಯಿ ಒಡೆಸಿ ಬರುವ ನನ್ನ ಗೆಳತಿಯರಿಗೆ ಆ ಮೋಚಿಯ ಕಥೆಯನ್ನು ನಾನು ತಪ್ಪದೆ ಹೇಳುತ್ತೇನೆ. ಹರಳಯ್ಯನ ನಾಡಿನವರಿಗೆ ಅದು ಬೇಗ ಅರ್ಥವಾಗುತ್ತದೆ.

ಇನ್ನು ನಮ್ಮ ಸಭೆಗೆ ಬರೋಣ. ಭಾನುವಾರ ಬೆಳಗಿನ ಆರಾಧನೆ ಒಂದೂಕಾಲು ಗಂಟೆ. ನಿಜವಾದ ಸಭೆ ಸೇರುವುದು ಅನಂತರ, ನೆಲಮಾಳಿಗೆಯ ಊಟದ ಮನೆಯಲ್ಲಿ. ಇಂಗ್ಲಿಷಿನಲ್ಲಿ ಅದನ್ನು ಫೆಲೋಶಿಪ್ ಹಾಲ್ ಎನ್ನುತ್ತಾರೆ. ಆ ಫೆಲೋಶಿಪ್ ಎಂಬ ಪದಕ್ಕೆ ನಮ್ಮ ಕನ್ನಡ ಸತ್ಯವೇದ "ಅನ್ಯೋನ್ಯತೆ" ಎಂಬ ಪದವನ್ನು ಬಳಸುತ್ತದೆ. ಊರಿನಲ್ಲಿ ನಾವು ಗಂಡಹೆಂಡಿರ ಬಾಳುವೆಯನ್ನು ಕುರಿತು "ಬಹಳ ಅನ್ಯೋನ್ಯವಾಗಿದ್ದಾರೆ" ಎನ್ನುತ್ತೇವಲ್ಲ, ಅದೇ ಪದ. ಸಹವಾಸ, ಸ್ನೇಹ, ಒಡನಾಟ ಎಂಬ ಪದಗಳಿರುವಾಗ ಅನುವಾದಕರು ಇದನ್ನೇ ಏಕೆ ಆರಿಸಿಕೊಂಡರೋ! ಆ ಮೇಜುಗಳ ಸುತ್ತ ಕುಳಿತ ಮೇಲೆ ಅವರ ಆಯ್ಕೆ ಸರಿಯೆನಿಸಿತು. ಗಂಡಹೆಂಡಿರಂತೆಯೇ ಇಲ್ಲಿಯೂ ಒಬ್ಬರನ್ನೊಬ್ಬರು ಸಹಿಸಿಕೊಳ್ಳುವುದು ಬಹಳವಿದೆ.

ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಆ ದಿನ ಎಲ್ಲರೂ ಮನೆಯಿಂದ ಅಡಿಗೆ ತರುತ್ತಾರೆ. ಜಾರ್ಜಿಯಾ ರಾಜ್ಯದ ಕಪ್ಪು ಅಜ್ಜಿ ಬೇಯಿಸಿದ ಕಾಲರ್ಡ್ ಸೊಪ್ಪು, ಹೈಟಿಯ ಸಹೋದರಿಯ ಅನ್ನ ಹುರುಳಿ, ಫಿಲಿಪೀನ್ಸಿನ ದಾದಿಯೊಬ್ಬರ ಶ್ಯಾವಿಗೆ, ನನ್ನ ಶೇಂಗಾ ಹೋಳಿಗೆ. ಗೆಣಸಿನ ಪೈಯೂ ನನ್ನ ಹೋಳಿಗೆಯೂ ಒಂದೇ ತಟ್ಟೆಯಲ್ಲಿ ಬಿದ್ದದ್ದನ್ನು ಕಂಡು ಮೊದಲ ಸಲ ಹೊಟ್ಟೆ ತೊಳಸಿದಂತಾಯಿತು. ಈಗ ರೂಢಿಯಾಗಿದೆ. ಕರ್ತನ ಭೋಜನದಲ್ಲಿ ಇವರು ದ್ರಾಕ್ಷಾಮದ್ಯವನ್ನು ಬಳಸುವುದಿಲ್ಲ, ದ್ರಾಕ್ಷಿಯ ರಸವನ್ನು ಬಳಸುತ್ತಾರೆ. ಹುಳಿಯದೆ ಉಳಿಯುವ ಆ ರಸವನ್ನು ಚರ್ಚುಗಳಿಗೆಂದೇ 1869ರಲ್ಲಿ ಸಿದ್ಧಪಡಿಸಿದವನು ನಮ್ಮ ನ್ಯೂಜೆರ್ಸಿಯ ವೈನ್‌ಲ್ಯಾಂಡಿನ ದಂತವೈದ್ಯ ಥಾಮಸ್ ವೆಲ್ಚ್. ಅಂಗಡಿಯಲ್ಲಿ ಮಕ್ಕಳಿಗೆ ಕೊಳ್ಳುವ ವೆಲ್ಚ್ ರಸದ ಮೂಲ ಅದು.

ಒಂದು ಸಲ ನಾವೆಲ್ಲ ಬಸ್ಸು ಮಾಡಿಕೊಂಡು ಹಾರ್ಲೆಮ್ಮಿನ ಅಬಿಸೀನಿಯನ್ ಬ್ಯಾಪ್ಟಿಸ್ಟ್ ಚರ್ಚಿಗೆ ಹೋಗಿದ್ದೆವು. ಬಿಳಿಯರ ಸಭೆಯಲ್ಲಿ ಕಪ್ಪು ಭಕ್ತರಿಗೆ ಪ್ರತ್ಯೇಕ ಸ್ಥಳದಲ್ಲಿ ಕುಳಿತುಕೊಳ್ಳಬೇಕೆಂಬ ಕಟ್ಟಳೆಯಿದ್ದಾಗ, ಅದನ್ನು ಒಪ್ಪದೆ ಹೊರಬಂದವರು 1808ರಲ್ಲಿ ಸ್ಥಾಪಿಸಿದ ಸಭೆ ಅದು. 138ನೆಯ ಬೀದಿಯ ಈಗಿನ ಕಲ್ಲಿನ ಕಟ್ಟಡ 1923ರದು. ಗಾಯಕವೃಂದ ಎದ್ದು ನಿಂತು ದನಿಯೆತ್ತಿದಾಗ ಬೆಂಚು ಅದುರಿದಂತಾಯಿತು. ನಮ್ಮ ಧಾರವಾಡದ ಗಂಭೀರ ಗೀತೆಗಳಿಗೆ ಒಗ್ಗಿದ ಕಿವಿಗೆ ಅದು ಮೊದಲು ಗದ್ದಲವೆನಿಸಿದ್ದು ನಿಜ. ಕಪ್ಪು ಅಜ್ಜಿಗೆ ಆ ಸಭೆಯ ಹುಟ್ಟಿನ ಕಥೆ ಗೊತ್ತಿತ್ತು. ಬಸ್ಸಿನಲ್ಲಿ ಹಿಂತಿರುಗುವಾಗ ಅವರೇ ಹೇಳಿದರು. ನಮ್ಮಲ್ಲಿಯೂ ಇದಕ್ಕೊಂದು ಪದವಿದೆ, ಪಂಕ್ತಿಭೇದ ಎಂದು, ಎಂದೆ. ಅವರು ಅದನ್ನು ನಾಲ್ಕು ಸಲ ನನ್ನಿಂದ ಹೇಳಿಸಿ ಕಲಿತುಕೊಂಡರು.

ಇಷ್ಟೆಲ್ಲ ಅನ್ಯೋನ್ಯತೆಯ ನಡುವೆ ಒಂದು ಮುಳ್ಳೂ ಇತ್ತು. ನಮ್ಮ ಪರಂಪರೆಯಲ್ಲಿ ದೀಕ್ಷಾಸ್ನಾನವಾಗುವುದು ಶಿಶುವಾಗಿದ್ದಾಗ. ಅವ್ವ ನನ್ನನ್ನು ಮೂರು ತಿಂಗಳ ಕೂಸಾಗಿ ಹೊಸ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಸಭಾಪಾಲಕರ ಕೈಗೆ ಕೊಟ್ಟಿದ್ದಳು. ಬ್ಯಾಪ್ಟಿಸ್ಟರ ಲೆಕ್ಕದಲ್ಲಿ ಅದು ಸ್ನಾನವೇ ಅಲ್ಲ. ಪೂರ್ಣ ಸದಸ್ಯಳಾಗಬೇಕಾದರೆ ವೇದಿಕೆಯ ಹಿಂದಿನ ತೊಟ್ಟಿಯಲ್ಲಿ ಮುಳುಗಿ ಏಳಬೇಕು. ಸಭಾಪಾಲಕರು ಇದನ್ನು ಮೃದುವಾಗಿ ವಿವರಿಸಿದರು. ದೂರವಾಣಿಯಲ್ಲಿ ಅವ್ವನಿಗೆ ತಿಳಿಸಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, "ನಾ ಮಾಡಿಸಿದ್ದು ಸುಳ್ಳಾತೇನವಾ?" ಎಂದಳು. ನಾನು ಮುಳುಗಲಿಲ್ಲ. ಆದ್ದರಿಂದ ಸಭೆಯ ವಾರ್ಷಿಕ ಮತದಾನದಲ್ಲಿ ನನಗೆ ಮತವಿಲ್ಲ. ಮೇಜಿನಲ್ಲಿ ಮಾತ್ರ ಎಂದೂ ಸ್ಥಳ ತಪ್ಪಿಲ್ಲ. ಮನಸ್ಸಾಕ್ಷಿಯನ್ನು ಬಲವಂತಪಡಿಸಬಾರದೆಂದು ಗಡೀಪಾರಾದವರ ವಂಶದವರು ನನ್ನ ಮನಸ್ಸಾಕ್ಷಿಯನ್ನೂ ಬಿಟ್ಟುಕೊಟ್ಟರು. ಈ ವಿಷಯದಲ್ಲಿ ಅವರು ಹೇಳುವುದೇ ಸರಿಯೋ ಅವ್ವ ಮಾಡಿದ್ದೇ ಸರಿಯೋ ಎಂಬ ಚರ್ಚೆಯನ್ನು ಶಾಸ್ತ್ರ ಬಲ್ಲವರು ಮಾಡಲಿ.

ನಮ್ಮ ಸಭೆಯಲ್ಲಿ ಓಂಗೋಲಿನ ಕಡೆಯ ಒಬ್ಬ ತೆಲುಗು ಸಹೋದರಿ ಇದ್ದಾರೆ. ಅವರದು ಹುಟ್ಟಾ ಬ್ಯಾಪ್ಟಿಸ್ಟ್ ಮನೆತನ. ನಮ್ಮ ಮೈಸೂರು ಸೀಮೆಯವರು ಧಾತು ಈಶ್ವರ ಬರ ಎಂದು ಕರೆಯುವ 1876-78ರ ಘೋರ ಕ್ಷಾಮದಲ್ಲಿ, ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ ಹಸಿದವರಿಗೆ ಬಕಿಂಗ್‌ಹ್ಯಾಮ್ ಕಾಲುವೆ ಅಗೆಯುವ ಕೆಲಸ ಕೊಡಿಸಿದರು. ಅನ್ನಕ್ಕಾಗಿ ಬಂದರೆಂಬ ಮಾತು ಬರಬಾರದೆಂದು ಕ್ಷಾಮ ಇಳಿಯುವವರೆಗೆ ದೀಕ್ಷಾಸ್ನಾನವನ್ನು ತಡೆಹಿಡಿದಿದ್ದರು. ಕೊನೆಗೆ 1878ರ ಜುಲೈ 3ರಂದು ಒಂದೇ ದಿನ 2,222 ಜನ ಗುಂಡ್ಲಕಮ್ಮ ನದಿಯಲ್ಲಿ ಮುಳುಗಿ ಎದ್ದರು. ಅವರಲ್ಲಿ ತನ್ನ ಮುತ್ತಜ್ಜನೂ ಒಬ್ಬನೆಂಬುದು ಆ ಸಹೋದರಿಯ ಮನೆಯವರ ಮಾತು. ಅವರು ತೆಲುಗಿನಲ್ಲಿ, ನಾನು ಕನ್ನಡದಲ್ಲಿ ಮಾತನಾಡುತ್ತಾ ಪಾತ್ರೆ ತೊಳೆಯುತ್ತೇವೆ. ಲಿಪಿಯಂತೆ ಮಾತೂ ಅರ್ಧಕ್ಕರ್ಧ ಅರ್ಥವಾಗುತ್ತದೆ. ಉಳಿದರ್ಧಕ್ಕೆ ನಗು ಸಾಕು.

2020ರ ಮಾರ್ಚಿನಲ್ಲಿ ಕೊರೊನಾ ಬಂದು ಚರ್ಚಿನ ಬಾಗಿಲು ಮುಚ್ಚಿತು. ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ಆ ವಸಂತ ಹೇಗಿತ್ತೆಂಬುದನ್ನು ಇಲ್ಲಿಯ ಕನ್ನಡಿಗರಿಗೆ ನಾನು ಹೇಳಬೇಕಾಗಿಲ್ಲ. ಬುಧವಾರದ ಪ್ರಾರ್ಥನಾಕೂಟ ಕಂಪ್ಯೂಟರಿನ ಪರದೆಗೆ ಬಂತು. ಜುಲೈಯಲ್ಲಿ ಧಾರವಾಡದಲ್ಲಿ ಅವ್ವ ತೀರಿಕೊಂಡಳು. ವಿಮಾನಗಳಿರಲಿಲ್ಲ. ತಮ್ಮ ಹಿಡಿದ ಮೊಬೈಲಿನಲ್ಲಿ ಮಣ್ಣು ಹಾಕುವುದನ್ನು ನೋಡಿದೆ. ನಡುವೆ ಚಿತ್ರ ನಿಂತುಹೋಯಿತು. ಆ ಸಂಜೆ ಕನ್ನಡ ಗೆಳತಿಯರು ಬಾಗಿಲಿನ ಹೊರಗೆ ಅನ್ನ ಸಾರಿನ ಡಬ್ಬಿ ಇಟ್ಟು, ಅಂಗಳದಾಚೆ ನಿಂತು ಕೈಮುಗಿದು ಹೋದರು. "ಆದರೂ" ಎಂದಿದ್ದ ಆ ಹಿರಿಯರೂ ಅವರಲ್ಲಿದ್ದರು. ಅವರಿಟ್ಟ ಡಬ್ಬಿಯಲ್ಲಿ ಮೊಸರನ್ನವಿತ್ತು.

ಅದೇ ವಾರ ಬುಧವಾರದ ಕೂಟದಲ್ಲಿ ಸಭಾಪಾಲಕರು ನನ್ನನ್ನು ಪ್ರಾರ್ಥಿಸುವಂತೆ ಕೇಳಿದರು. ಬಾಯಿ ತೆರೆದರೆ ಇಂಗ್ಲಿಷ್ ಬರಲಿಲ್ಲ. ಪರದೆಯ ಚೌಕಗಳಲ್ಲಿ ಹದಿನಾಲ್ಕು ಮುಖಗಳು ಕಾದಿದ್ದವು. ಕಪ್ಪು ಅಜ್ಜಿ, "ನಿನ್ನ ತಾಯಿ ನಿನಗೆ ಕಲಿಸಿದ ಮಾತಿನಲ್ಲೇ ಮಾಡು ಮಗಳೇ, ಕೇಳುವವನಿಗೆ ಗೊತ್ತಾಗುತ್ತದೆ" ಎಂದರು. ಧಾರವಾಡದ ಕನ್ನಡದಲ್ಲಿ, ಅವ್ವನ ಧಾಟಿಯಲ್ಲೇ, ನಾಲ್ಕೈದು ನಿಮಿಷ ಪ್ರಾರ್ಥಿಸಿದೆ. ಏನು ಹೇಳಿದೆನೋ ನೆನಪಿಲ್ಲ. ಮುಗಿದಾಗ ಹದಿನಾಲ್ಕು ಚೌಕಗಳಿಂದಲೂ "ಆಮೆನ್" ಕೇಳಿಸಿತು. ಆ ಪದ ಮಾತ್ರ ಅವರಿಗೂ ನಮಗೂ ಒಂದೇ.

ಅಂದಿನಿಂದ ಜನರಿಗೆ ಕನ್ನಡದ ಕುತೂಹಲ ಹತ್ತಿತು. ಬಾಗಿಲು ಮತ್ತೆ ತೆರೆದ ಮೇಲೆ ಸತ್ಯವೇದದ ತರಗತಿಯಲ್ಲಿ ನಿಮ್ಮ ಭಾಷೆಯ ಬಗ್ಗೆ ಹೇಳಿ ಎಂದರು. ನಾನು ಹೇಳಿದ್ದು ಅವರದೇ ಪಂಥದ ಮತ್ತೊಬ್ಬ ಮೋಚಿಯ ಕಥೆ. ಇಂಗ್ಲೆಂಡಿನಲ್ಲಿ ಪಾದರಕ್ಷೆ ಹೊಲಿಯುತ್ತಿದ್ದ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದು, ಮುಂದೆ ಶ್ರೀರಾಮಪುರದಲ್ಲಿ ಅಚ್ಚುಕೂಟ ನಡೆಸಿದವರು. 1812ರ ಮಾರ್ಚ್ 11ರ ರಾತ್ರಿ ಆ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಕನ್ನಡದ ಹೊಸ ಒಡಂಬಡಿಕೆಯೂ ಇತ್ತು. ಕೇರಿ ಮತ್ತೆ ಮೊದಲಿನಿಂದ ಬರೆಯಲು ಕುಳಿತರು. 1817ರಲ್ಲಿ ಅವರ ಕರ್ಣಾಟ ಭಾಷೆಯ ವ್ಯಾಕರಣ ಅದೇ ಶ್ರೀರಾಮಪುರದಲ್ಲಿ ಅಚ್ಚಾಯಿತು. ಕಿಟೆಲರು ಹುಟ್ಟುವುದಕ್ಕೆ ಹದಿನೈದು ವರ್ಷ ಮುಂಚೆ. ಇಡೀ ಸತ್ಯವೇದ ಕನ್ನಡಕ್ಕೆ ಬಂದ ಕೀರ್ತಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರದು, 1831ರಲ್ಲಿ, ಅದನ್ನೂ ಹೇಳಿದೆ. ನಮ್ಮ ಸಭಾಪಾಲಕರಿಗೆ ಕೇರಿಯ ಹೆಸರು ಚಿಕ್ಕಂದಿನಿಂದ ಗೊತ್ತು, ಅವರ ಕನ್ನಡ ಮಾತ್ರ ಗೊತ್ತಿರಲಿಲ್ಲ.

ಈಗ ಮೊದಲ ಭಾನುವಾರ ಸತ್ಯವೇದದ ಪಾಠವನ್ನು ಇಂಗ್ಲಿಷಿನಲ್ಲಿ ಓದಿದ ಮೇಲೆ ಮತ್ತೊಂದು ಭಾಷೆಯಲ್ಲಿಯೂ ಓದುವ ಪದ್ಧತಿ ಬೆಳೆದಿದೆ. ಒಂದು ತಿಂಗಳು ಕ್ರಿಯೋಲ್, ಒಂದು ತಿಂಗಳು ತಗಲಾಗ್, ಒಂದು ತಿಂಗಳು ತೆಲುಗು. ನನ್ನ ಸರದಿ ಬಂದಾಗ ಅವ್ವನ ಹಳೆಯ ಸತ್ಯವೇದವನ್ನು ಒಯ್ಯುತ್ತೇನೆ. ತಮ್ಮ ಅದನ್ನು 2022ರಲ್ಲಿ ಊರಿಗೆ ಹೋಗಿದ್ದಾಗ ನನಗೆ ಕೊಟ್ಟ. ಹಾಳೆಗಳ ನಡುವೆ ಒಣಗಿದ ಬೇವಿನ ಎಲೆಗಳಿವೆ, ಹುಳು ಬೀಳದಿರಲೆಂದು ಅವಳಿಟ್ಟವು. ಕಳೆದ ಸರದಿಯಲ್ಲಿ ಒಂದು ಎಲೆ ನೆಲಕ್ಕೆ ಉದುರಿತು. ಹೈಟಿಯ ಸಹೋದರಿಯ ಮೊಮ್ಮಗ ಅದನ್ನು ಹೆಕ್ಕಿ ತಂದು, ಯಾವ ಪುಟದ್ದೆಂದು ಕೇಳಿ, ಅಲ್ಲಿಯೇ ಇಟ್ಟ.